ರಿಪೇರಿ ಅಂಗಡಿಯಿಂದ ವಿಂಚೆಸ್ಟರ್‌ವರೆಗೆ: ಪಂಪ್ ರೈಫಲ್ ಕೊಟ್ಟ ಜಾನ್ ಬ್ರೌನಿಂಗ್ ಕಥೆ

ನಮ್ಮ ಸೈನಿಕರು, ಪೊಲೀಸರು ದಶಕಗಳ ಕಾಲ ಸೊಂಟಕ್ಕೆ ಕಟ್ಟಿಕೊಂಡ 9 ಎಂಎಂ ಪಿಸ್ತೂಲು ತಯಾರಾಗಿದ್ದು ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಫ್ಯಾಕ್ಟರಿಯಲ್ಲಿ. ಆದರೆ ಅದರ ಮೂಲ ಯೋಚನೆ ಅಮೆರಿಕದ ಒಂದು ಸಣ್ಣ ಊರಿನ ಕೋವಿ ರಿಪೇರಿ ಅಂಗಡಿಯಲ್ಲಿ ಬೆಳೆದವನದ್ದು. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಎಂಜಿನಿಯರ್ ಅಂತ ಬೋರ್ಡ್ ಹಾಕಿಕೊಂಡವನೂ ಅಲ್ಲ. ಸತ್ತಾಗ ಅವನ ಹೆಸರಲ್ಲಿ 128 ಪೇಟೆಂಟ್‌ಗಳಿದ್ದವು. ಹೆಸರು ಜಾನ್ ಮೋಸೆಸ್ ಬ್ರೌನಿಂಗ್.

ಅವನ ಬಂದೂಕುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಆದರೆ ಅಂಗಡಿ ಇಟ್ಟವರಿಗೆ, ಕೈಕೆಲಸ ನಂಬಿ ಬದುಕುವವರಿಗೆ ಅವನ ಬದುಕಲ್ಲಿ ಇನ್ನೊಂದು ಲೆಕ್ಕ ಕಾಣುತ್ತೆ. ಮಾಡಿದ ಕೆಲಸವನ್ನ ಒಂದೇ ಸಲ ಮಾರಿ ಕೈ ತೊಳೆದುಕೊಳ್ಳಬೇಕಾ, ಇಲ್ಲ ಮಾರಾಟವಾದಷ್ಟೂ ದಿನ ಪಾಲು ಕೇಳಬೇಕಾ ಅನ್ನೋ ಲೆಕ್ಕ ಅದು.

ಅಪ್ಪನ ಅಂಗಡಿಯೇ ಶಾಲೆ

ಜಾನ್ ಹುಟ್ಟಿದ್ದು 1855ರ ಜನವರಿ 23ರಂದು, ಯೂಟಾ ಪ್ರಾಂತ್ಯದ ಆಗ್ಡನ್ ಎಂಬ ಊರಲ್ಲಿ. ಅಪ್ಪ ಜೊನಾಥನ್ ಬ್ರೌನಿಂಗ್ ಕೋವಿ ಮಾಡುವ ಕಸುಬಿನವನು. ಮಾರ್ಮನ್ ಪಂಥ ಸೇರಿ, ಆ ಜನರ ಜೊತೆ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಬಂದು ನೆಲೆಸಿದವನು. ಮೂವರು ಹೆಂಡತಿಯರು, 22 ಮಕ್ಕಳು. ಮನೆ ತುಂಬಾ ಜನ, ಅಂಗಡಿ ತುಂಬಾ ಹಳೇ ಕಬ್ಬಿಣ.

ಹುಡುಗ ಆಡಿ ಬೆಳೆದಿದ್ದು ಈ ಗುಜರಿ ರಾಶಿಯಲ್ಲೇ. ಹತ್ತು ವರ್ಷದವನಿದ್ದಾಗ ಮುರಿದು ಬಿದ್ದಿದ್ದ ಒಂದು ನಳಿಗೆ ಎತ್ತಿಕೊಂಡು, ಹಲಗೆ ಕೆತ್ತಿ ಹಿಡಿ ಮಾಡಿ, ತಂತಿಯಲ್ಲಿ ಬಿಗಿದು ಒಂದು ಕೋವಿ ಕಟ್ಟಿದನಂತೆ. ತಮ್ಮ ಮ್ಯಾಟ್‌ನನ್ನು ಕರೆದುಕೊಂಡು ಹೋಗಿ ಬಯಲಲ್ಲಿ ಕಾಡುಕೋಳಿ ಹೊಡೆದು ತಂದ. ಮನೆಯಲ್ಲಿ ಅದೇ ಬೆಳಗಿನ ಊಟವಾಯ್ತು. ಅಪ್ಪ ಬೈಯಲಿಲ್ಲ, ಹೊಗಳಲೂ ಇಲ್ಲ. ಇದಕ್ಕಿಂತ ಚೆನ್ನಾಗಿ ಮಾಡೋಕೆ ಬರಲ್ವಾ ಅಂತ ಕೇಳಿದನಂತೆ. ಬ್ರೌನಿಂಗ್ ಮನೆತನದಲ್ಲಿ ಇವತ್ತಿಗೂ ಓಡಾಡುವ ಕಥೆ ಇದು.

ಜಾನ್ ಊರಿನ ಶಾಲೆಯಲ್ಲಿ ಒಂದಷ್ಟು ವರ್ಷ ಕಲಿತ, ಅಷ್ಟೇ. ಉಳಿದಿದ್ದೆಲ್ಲ ಅಂಗಡಿಗೆ ರಿಪೇರಿಗೆ ಬರ್ತಿದ್ದ ಕೋವಿಗಳಿಂದ. ಯಾವ ಕಂಪನಿಯ ಕೋವಿ ಎಲ್ಲಿ ಕೈಕೊಡುತ್ತೆ, ಯಾವ ಸ್ಪ್ರಿಂಗ್ ಬೇಗ ಮುರಿಯುತ್ತೆ, ಗಿರಾಕಿ ಯಾವುದಕ್ಕೆ ಬೈತಾನೆ, ಇದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ದೊಡ್ಡ ಕಂಪನಿಯ ಡ್ರಾಯಿಂಗ್ ರೂಮಿನಲ್ಲಿ ಕೂತವರಿಗೆ ಸಿಗದ ಮಾಹಿತಿ ಅದು. ಮುಂದೆ ಅವನ ಬಂದೂಕುಗಳು ಕೈಕೊಡೋದು ಕಡಿಮೆ ಅಂತ ಹೆಸರು ಮಾಡಿದ್ದಕ್ಕೆ ಬೇರು ಇಲ್ಲೇ ಇದೆ.

25 ಡಾಲರ್‌ನ ಕೋವಿ

1878ರಲ್ಲಿ, 23ನೇ ವಯಸ್ಸಿಗೆ, ಒಂದೇ ಗುಂಡು ಹಾಕಿ ಹೊಡೆಯುವ ಗಟ್ಟಿಮುಟ್ಟಾದ ರೈಫಲ್ ಒಂದನ್ನ ಜಾನ್ ಮಾಡಿದ. 1879 ಅವನ ಪಾಲಿಗೆ ದೊಡ್ಡ ವರ್ಷ. ಏಪ್ರಿಲ್‌ನಲ್ಲಿ ರೇಚಲ್ ಜೊತೆ ಮದುವೆ, ಜೂನ್‌ನಲ್ಲಿ ಅಪ್ಪನ ಸಾವು, ಅಕ್ಟೋಬರ್ 7ಕ್ಕೆ ಮೊದಲ ಪೇಟೆಂಟ್.

ಅಪ್ಪ ಹೋದ ಮೇಲೆ ಅಂಗಡಿ ಜವಾಬ್ದಾರಿ ಜಾನ್ ತಲೆಗೆ ಬಂತು. ಅಣ್ಣತಮ್ಮಂದಿರು ಸೇರಿ ಒಂದು ಸಣ್ಣ ಕಾರ್ಖಾನೆ ಶುರು ಮಾಡಿದರು. ವ್ಯಾಪಾರ, ಹಣಕಾಸು ತಮ್ಮ ಮ್ಯಾಟ್ ನೋಡಿಕೊಂಡ. ಬೆಂಚಿನ ಕೆಲಸ ಜಾನ್‌ದು. ರೈಫಲ್ ಒಂದಕ್ಕೆ 25 ಡಾಲರ್. ಬೇಡಿಕೆ ಇತ್ತು, ಆದರೆ ಒಂದೊಂದನ್ನೂ ಕೈಯಲ್ಲಿ ಕೂರಿಸಬೇಕಿತ್ತು. ನಾಲ್ಕೈದು ವರ್ಷದಲ್ಲಿ ಅವರು ಮಾಡಿದ್ದು ಸುಮಾರು 600 ಮಾತ್ರ. ಒಂದೇ ಮಾಲನ್ನ ದಿನಾ ಮಾಡ್ತಾ ಕೂರೋದು ಜಾನ್‌ಗೆ ಬೇಸರ. ಅವನ ತಲೆ ಮುಂದಿನ ಯೋಚನೆಗೆ ಓಡ್ತಿತ್ತು.

1883ರಲ್ಲಿ ವಿಂಚೆಸ್ಟರ್ ಕಂಪನಿಯ ಸೇಲ್ಸ್‌ಮನ್ ಒಬ್ಬನ ಕೈಗೆ ಈ ರೈಫಲ್ ಒಂದು ಸಿಕ್ಕಿತು. ಸೆಕೆಂಡ್ ಹ್ಯಾಂಡ್. ಅದನ್ನವನು ಪೂರ್ವ ಕರಾವಳಿಯ ನ್ಯೂ ಹೇವನ್‌ನಲ್ಲಿದ್ದ ಹೆಡ್ಡಾಫೀಸಿಗೆ ಕಳಿಸಿದ. ಕಂಪನಿಯ ಉಪಾಧ್ಯಕ್ಷ ಟಿ.ಜಿ. ಬೆನೆಟ್ ಅದನ್ನ ನೋಡಿದವನೇ ರೈಲು ಹತ್ತಿ ಆಗ್ಡನ್‌ಗೆ ಬಂದ. ಸಹೋದರರು 10,000 ಡಾಲರ್ ಕೇಳಿದರು. ಚೌಕಾಸಿ ನಡೆದು 8,000ಕ್ಕೆ ಕುದುರಿತು. ವಿಂಚೆಸ್ಟರ್ ಅದನ್ನ 1885ರ ಮಾಡೆಲ್ ಅಂತ ಮಾರುಕಟ್ಟೆಗೆ ಬಿಟ್ಟಿತು. ಮುಂದಿನ 19 ವರ್ಷದ ಸಂಬಂಧಕ್ಕೆ ಇದು ಮೊದಲ ಕಂತು.

ಕೋಲ್ಟ್ ಹಿಡಿದ ಪಂಪ್ ದಾರಿ

ಆ ಕಾಲದ ಅಮೆರಿಕದಲ್ಲಿ ದನ ಕಾಯುವವನಿಂದ ಹಿಡಿದು ಪೊಲೀಸ್‌ವರೆಗೆ ಎಷ್ಟೋ ಜನರ ಹತ್ತಿರ ಎರಡು ಆಯುಧ ಇರ್ತಿತ್ತು. ಸೊಂಟದಲ್ಲೊಂದು ರಿವಾಲ್ವರ್, ಕುದುರೆ ಜೀನಿನ ಪಕ್ಕ ಒಂದು ರೈಫಲ್. ಎರಡಕ್ಕೂ ಬೇರೆ ಬೇರೆ ತೋಟಾ ಇಟ್ಟುಕೊಳ್ಳೋದು ತಲೆನೋವು. ಗಡಿಬಿಡಿಯಲ್ಲಿ ಅದಕ್ಕಿದು ಇದಕ್ಕದು ಹಾಕಿದರೆ ಕಥೆ ಮುಗೀತು. ಹಾಗಾಗಿ 44-40, 38-40, 32-20 ಎಂಬ ಮೂರು ತೋಟಾಗಳು ಜನಪ್ರಿಯವಾದವು. ಇದರಲ್ಲಿ 44-40 ಹುಟ್ಟಿದ್ದು ವಿಂಚೆಸ್ಟರ್‌ನ 1873ರ ರೈಫಲ್‌ಗೆ. ಆಮೇಲೆ ಕೋಲ್ಟ್ ಕಂಪನಿ ತನ್ನ ರಿವಾಲ್ವರನ್ನೂ ಅದೇ ತೋಟಾಕ್ಕೆ ಹೊಂದಿಸಿತು. ಒಂದೇ ಪೆಟ್ಟಿಗೆ ತಗೊಂಡರೆ ಎರಡಕ್ಕೂ ಆಯ್ತು. ದೂರದ ಊರಿನ ಅಂಗಡಿಯವನಿಗೂ ಒಂದೇ ಥರದ ಸ್ಟಾಕ್ ಇಟ್ಟರೆ ಸಾಕಾಯ್ತು.

ರೈಫಲ್ ಅಂದರೆ ವಿಂಚೆಸ್ಟರ್, ರಿವಾಲ್ವರ್ ಅಂದರೆ ಕೋಲ್ಟ್ ಅನ್ನೋ ಹಾಗಿತ್ತು ಆಗ. 1883ರಲ್ಲಿ ಕೋಲ್ಟ್ ಕಂಪನಿ ಲಿವರ್ ರೈಫಲ್ ಒಂದನ್ನ ಬಿಟ್ಟಿತು. ಟ್ರಿಗರ್ ಕೆಳಗಿನ ಕಬ್ಬಿಣದ ಬಳೆಯನ್ನ ಕೆಳಕ್ಕೆ ಮೇಲಕ್ಕೆ ಎಳೆದು ಗುಂಡು ತುಂಬುವ ಥರದ್ದು, ಅಂದರೆ ವಿಂಚೆಸ್ಟರ್ ಪೂರ್ತಿ ಹಿಡಿದಿಟ್ಟುಕೊಂಡಿದ್ದ ದಾರಿ. ಇದಕ್ಕೆ ಉತ್ತರವಾಗಿ ವಿಂಚೆಸ್ಟರ್‌ನವರು ತಾವು ಮಾಡಿಸಿದ್ದ ರಿವಾಲ್ವರ್ ಮಾದರಿಗಳನ್ನ ಕೋಲ್ಟ್‌ನವರಿಗೆ ತೋರಿಸಿದರು ಅನ್ನೋ ಮಾತಿದೆ. ಸುಮಾರು 6,400 ರೈಫಲ್ ಮಾಡಿದ ಮೇಲೆ ಕೋಲ್ಟ್ ಅದನ್ನ ಕೈಬಿಟ್ಟಿತು. ವಿಂಚೆಸ್ಟರ್ ರಿವಾಲ್ವರ್ ಮಾರುಕಟ್ಟೆಗೆ ಬರಲೇ ಇಲ್ಲ.

ಕೋಲ್ಟ್ ಹಿಡಿದ ಇನ್ನೊಂದು ದಾರಿ ಪಂಪ್. ವಿಲಿಯಂ ಎಲಿಯಟ್ ವಿನ್ಯಾಸ ಮಾಡಿದ ಲೈಟ್ನಿಂಗ್ ರೈಫಲ್ 1884ರಲ್ಲಿ ಬಂತು. ಮೂರೂ ರಿವಾಲ್ವರ್ ತೋಟಾಗಳಿಗೆ ಸಿಗ್ತಿತ್ತು. ಕೆಲಸ ಮಾಡುವ ರೀತಿ ಸೈಕಲ್ ಪಂಪ್ ಥರ. ನಳಿಗೆ ಕೆಳಗೆ ಎಡಗೈ ಹಿಡಿಯುವ ಮರದ ಹಿಡಿಯನ್ನ ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ ಹಾರುತ್ತೆ, ಹ್ಯಾಮರ್ ಏರಿ ನಿಲ್ಲುತ್ತೆ. ಮುಂದಕ್ಕೆ ತಳ್ಳಿದರೆ ಹೊಸ ತೋಟಾ ಒಳಗೆ ಕೂರುತ್ತೆ. ಬಲಗೈ ಟ್ರಿಗರ್ ಬಿಟ್ಟು ಕದಲೋದೇ ಬೇಡ, ರೈಫಲ್ ಭುಜದಿಂದ ಇಳಿಸೋದೂ ಬೇಡ. ಟ್ರಿಗರ್ ಒತ್ತಿ ಹಿಡಿದುಕೊಂಡೇ ಪಂಪ್ ಮಾಡಿದರೆ ಪ್ರತಿ ಸಲ ಮುಂದೆ ತಳ್ಳಿದಾಗಲೂ ಗುಂಡು ಹಾರ್ತಿತ್ತು. ವೇಗಕ್ಕೆ ಅನುಕೂಲ, ಹುಷಾರು ತಪ್ಪಿದರೆ ಅಪಾಯ.

ಸ್ಯಾನ್ ಫ್ರಾನ್ಸಿಸ್ಕೋ ಪೊಲೀಸರು 44-40 ತೋಟಾದ 401 ಲೈಟ್ನಿಂಗ್‌ಗಳನ್ನ ತಗೊಂಡರು. ಕೋಲ್ಟ್ ಈ ಮೂರು ತೋಟಾಗಳ ಮಾಡೆಲನ್ನ 1902ರವರೆಗೆ ಸುಮಾರು 90,000 ಮಾಡಿತು. ಅದಾಗಿಯೂ ವಿಂಚೆಸ್ಟರ್‌ನ ಲಿವರ್ ರೈಫಲ್‌ಗಳ ಪಕ್ಕ ಇದು ಸಣ್ಣ ಸಂಖ್ಯೆಯೇ. ಒಳಗಿನ ಬಿಡಿಭಾಗಗಳು ಸೂಕ್ಷ್ಮ. ಮಣ್ಣು, ಮಸಿ ಕೂತರೆ ಸಿಕ್ಕಿಕೊಳ್ಳುತ್ತೆ ಅನ್ನೋ ದೂರು ಇತ್ತು. ರಿಪೇರಿಯವರಿಗೂ ಇದು ಇಷ್ಟದ ರೈಫಲ್ ಆಗಲಿಲ್ಲ.

ಡ್ರಾಯಿಂಗ್ ನೋಡಿ ಆಗಲ್ಲ ಅಂದರು

ಪಂಪ್ ಒಳ್ಳೇ ವಿಧಾನ ಅಂತ ಬ್ರೌನಿಂಗ್‌ಗೂ ಗೊತ್ತಿತ್ತು. 1887ರ ಮಾಡೆಲ್ ಶಾಟ್‌ಗನ್ ಮಾಡುವಾಗ ಲಿವರ್‌ಗಿಂತ ಪಂಪ್ ವಾಸಿ ಅಂತಲೇ ಅವನ ಅಭಿಪ್ರಾಯ. ಆದರೆ ವಿಂಚೆಸ್ಟರ್‌ಗೆ ತನ್ನ ಗುರುತೇ ಆಗಿದ್ದ ಲಿವರ್ ಬೇಕಿತ್ತು. ಗಿರಾಕಿ ಕೇಳಿದ್ದನ್ನ ಮಾಡಿಕೊಟ್ಟ.

ಅದೇ ವರ್ಷ ಜಾನ್ ಮಾರ್ಮನ್ ಚರ್ಚಿನ ಧರ್ಮಪ್ರಚಾರಕ್ಕೆ ದಕ್ಷಿಣದ ಜಾರ್ಜಿಯಾಕ್ಕೆ ಹೋದ. ಎರಡು ವರ್ಷ ಊರೂರು ಕಾಲ್ನಡಿಗೆ, ಬೆಂಚಿನ ಕೆಲಸ ಬಂದ್. ಒಂದು ದಿನ ಅಂಗಡಿ ಕಿಟಕಿಯಲ್ಲಿ ತಾನೇ ಮಾಡಿದ ಹೊಸ ಶಾಟ್‌ಗನ್ ಕಣ್ಣಿಗೆ ಬಿತ್ತು. ಒಳಗೆ ಹೋಗಿ ಎತ್ತಿಕೊಂಡು ಸಲೀಸಾಗಿ ಆಡಿಸಿದ. ಧೂಳು ಹಿಡಿದ ಬಟ್ಟೆಯ ಪ್ರಚಾರಕನ ಕೈಚಳಕ ನೋಡಿ ಅಂಗಡಿಯವನಿಗೆ ಆಶ್ಚರ್ಯವಾಯ್ತಂತೆ.

ಕೋಲ್ಟ್ ತನ್ನ ಲೈಟ್ನಿಂಗನ್ನ ಪಾಯಿಂಟ್ 22 ತೋಟಾಕ್ಕೂ ಇಳಿಸಿತ್ತು. ರಿವಾಲ್ವರಿಗೂ ರೈಫಲಿಗೂ ಆಗುವ, ಎಲ್ಲಕ್ಕಿಂತ ಅಗ್ಗದ ತೋಟಾ ಅದು. ವಿಂಚೆಸ್ಟರ್‌ನ ಹತ್ತಿರ ಇದಕ್ಕೆ ಎದುರು ನಿಲ್ಲುವ ಮಾಲು ಇರಲಿಲ್ಲ. 1873ರ ಮಾಡೆಲನ್ನೇ 22ಕ್ಕೆ ಹೊಂದಿಸಿದ್ದರು, ಮಾರಾಟ 20,000 ಕೂಡ ದಾಟಲಿಲ್ಲ. ಬ್ರೌನಿಂಗ್‌ಗೆ ಕೇಳಿದರು. ಅವನ ಪಂಪ್ ವಿನ್ಯಾಸಕ್ಕೆ 1888ರ ಜೂನ್ 26ರಂದು ಪೇಟೆಂಟ್ ಸಿಕ್ಕಿತು.

ಇದರ ಹಿಂದೆ ಒಂದು ಕಥೆ ಇದೆ. ಬ್ರೌನಿಂಗ್ ಸಾಮಾನ್ಯವಾಗಿ ಡ್ರಾಯಿಂಗ್ ಹಾಕುವವನಲ್ಲ. ತಲೆಯಲ್ಲೇ ಕೂರಿಸಿ, ನೇರ ಕಬ್ಬಿಣ ಕತ್ತರಿಸಿ ಮಾದರಿ ಮಾಡ್ತಿದ್ದ. ಈ ಸಲ ಮಾತ್ರ ಡ್ರಾಯಿಂಗ್ ಕಳಿಸಿದ. ವಿಂಚೆಸ್ಟರ್‌ನ ತಜ್ಞರು ಅದನ್ನ ನೋಡಿ ಇದು ಕೆಲಸ ಮಾಡಲ್ಲ ಅಂತ ವಾಪಸ್ ಬರೆದರಂತೆ. ಅವನು ವಾದಕ್ಕೆ ಇಳಿಯಲಿಲ್ಲ. ಕೆಲಸ ಮಾಡುವ ರೈಫಲನ್ನೇ ಮಾಡಿ ಕಳಿಸಿಕೊಟ್ಟ. ಆಮೇಲೆ ಯಾರೂ ಮಾತಾಡಲಿಲ್ಲ.

ಹಾಗೆ ಬಂದಿದ್ದೇ 1890ರ ಮಾಡೆಲ್. ಸುಮಾರು ಎಂಟೂವರೆ ಲಕ್ಷ ರೈಫಲ್ ಹೊರಬಂದವು. ಅಮೆರಿಕದ ಜಾತ್ರೆ, ಪ್ರದರ್ಶನಗಳಲ್ಲಿ ದುಡ್ಡು ಕೊಟ್ಟು ಗುರಿ ಹೊಡೆಯುವ ಸ್ಟಾಲ್‌ಗಳಿಗೆ ಇದೇ ಖಾಯಂ ರೈಫಲ್ ಆಯ್ತು. ನಮ್ಮ ಜಾತ್ರೆಯಲ್ಲಿ ಬಲೂನಿಗೆ ಹೊಡೆಯುವ ಸ್ಟಾಲ್ ನೋಡಿದವರಿಗೆ ಆ ದೃಶ್ಯ ಗೊತ್ತಾಗುತ್ತೆ. ದಿನವಿಡೀ ಕೈಯಿಂದ ಕೈಗೆ ಹೋಗುವ, ಒರಟಾಗಿ ಎಳೆಯುವ ಜಾಗದಲ್ಲಿ ಬಾಳಿ ಬಂದಿದ್ದೇ ಅದರ ದೊಡ್ಡ ಸರ್ಟಿಫಿಕೇಟ್.

30 ದಿನದ ಪಂಥ

44-40 ಥರದ ರಿವಾಲ್ವರ್ ತೋಟಾಗಳಿಗೆ ಹಗುರವಾದ ಹೊಸ ಲಿವರ್ ರೈಫಲ್ ಬೇಕು ಅಂತ ಬೆನೆಟ್ ಕೇಳಿದಾಗ ನಡೆದದ್ದು ಇನ್ನೂ ಮಜಾ. ಮೂರು ತಿಂಗಳಲ್ಲಿ ಕೊಟ್ಟರೆ 10,000 ಡಾಲರ್, ಎರಡು ತಿಂಗಳಲ್ಲಾದರೆ 15,000 ಅಂತ ಬೆನೆಟ್ ಹೇಳಿದನಂತೆ. ಬ್ರೌನಿಂಗ್ ಹಾಕಿದ ಲೆಕ್ಕ ಬೇರೆ. 30 ದಿನದೊಳಗೆ ಕೊಟ್ಟರೆ 20,000, ಆಗದಿದ್ದರೆ ಬಿಟ್ಟಿ. ಗಡುವಿನೊಳಗೆ ಮಾದರಿ ತಲುಪಿತು, ಚೆಕ್ ಬಂತು. ಈ 1892ರ ಮಾಡೆಲ್ 10 ಲಕ್ಷ ದಾಟಿತು. ಆಮೇಲೆ ಬಂದ 1894ರ ಮಾಡೆಲ್ ಒಟ್ಟು 70 ಲಕ್ಷ ದಾಟಿದೆ. ಅವನ ಇಷ್ಟದ ಪಂಪ್ ಶಾಟ್‌ಗನ್ ಕೂಡ 1893ರಲ್ಲಿ ಬಂದು, 1897ರಲ್ಲಿ ಸುಧಾರಿಸಿ ಹೆಸರು ಮಾಡಿತು.

ಇಲ್ಲೇ ವ್ಯಾಪಾರದ ಸೂಕ್ಷ್ಮ ಇರೋದು. 1883ರಿಂದ 1902ರವರೆಗೆ ಬ್ರೌನಿಂಗ್ ವಿಂಚೆಸ್ಟರ್‌ಗೆ ಮಾರಿದ್ದು 44 ವಿನ್ಯಾಸ. ಅದರಲ್ಲಿ ಕಂಪನಿ ತಯಾರಿಸಿದ್ದು ಸುಮಾರು ಹತ್ತು. ಉಳಿದವನ್ನ ಕೊಂಡಿದ್ದು ಬೇರೆಯವರ ಕೈಗೆ ಸಿಗಬಾರದು ಅಂತ. ಪ್ರತಿ ಸಲವೂ ಒಂದೇ ಕಂತಿನಲ್ಲಿ ಪೂರ್ತಿ ಹಣ, ಅಲ್ಲಿಗೆ ಸಂಬಂಧ ಕಡಿತ. ರೈಫಲ್ ಹತ್ತು ಸಾವಿರ ಹೋದರೂ ಹತ್ತು ಲಕ್ಷ ಹೋದರೂ ಮಾಡಿದವನಿಗೆ ಸಿಗೋದು ಅಷ್ಟೇ. ಆಗ್ಡನ್‌ನ ಲೆಕ್ಕದಲ್ಲಿ ಅದು ದೊಡ್ಡ ಹಣ, ಹಾಗಾಗಿ ಸಹೋದರರು ತಕರಾರು ತೆಗೆಯಲಿಲ್ಲ.

ಪಾಲು ಕೇಳಿದ ದಿನ

1890ರ ದಶಕದಲ್ಲಿ ಬ್ರೌನಿಂಗ್ ಕೈ ಬೇರೆ ಕಡೆ ಹೊರಳಿತು. ಗುಂಡು ಹಾರಿದಾಗ ಬರುವ ಒತ್ತಡ ಸುಮ್ಮನೆ ವ್ಯರ್ಥವಾಗ್ತಿದೆ, ಅದರಿಂದಲೇ ಮುಂದಿನ ಗುಂಡು ತುಂಬಿಸಬಹುದು ಅನ್ನೋದು ಅವನ ತಲೆಗೆ ಹೊಕ್ಕಿತ್ತು. ಕೋಲ್ಟ್‌ಗೆ ಮಷಿನ್‌ಗನ್ ಮಾಡಿಕೊಟ್ಟ. 1897ರಲ್ಲಿ ಬೆಲ್ಜಿಯಂನ ಎಫ್ಎನ್ ಕಂಪನಿ ಅವನ ಪಿಸ್ತೂಲು ತಯಾರಿಸಲು ಒಪ್ಪಂದ ಮಾಡಿಕೊಂಡಿತು. ಪಿಸ್ತೂಲಿನ ಜೊತೆ ಅದಕ್ಕೆ ತಕ್ಕ ತೋಟಾವನ್ನೂ ಅವನೇ ರೂಪಿಸಿದ. ಇವತ್ತಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪಾಯಿಂಟ್ 32, ಪಾಯಿಂಟ್ 45 ಆಟೊಮ್ಯಾಟಿಕ್ ಪಿಸ್ತೂಲ್ ತೋಟಾಗಳು ಅವನವೇ.

ನಂತರ ಮಾಡಿದ್ದು ತಾನೇ ತುಂಬಿಕೊಳ್ಳುವ ಶಾಟ್‌ಗನ್. ಇದು ಬೇರೆ ಮಟ್ಟದ ಮಾಲು ಅಂತ ಅವನಿಗೆ ಖಾತ್ರಿಯಿತ್ತು. 1902ರಲ್ಲಿ ಬೆನೆಟ್ ಎದುರು ಕೂತು, ಈ ಸಲ ಇಡಿಗಂಟು ಬೇಡ, ಮಾರಾಟವಾದ ಪ್ರತಿ ಕೋವಿಗೂ ರಾಯಲ್ಟಿ ಬೇಕು ಅಂತ ಕೇಳಿದ. ಬೆನೆಟ್ ಒಪ್ಪಲಿಲ್ಲ. ಒಬ್ಬರಿಗೆ ಕೊಟ್ಟರೆ ಅದೇ ಪದ್ಧತಿಯಾಗುತ್ತೆ ಅನ್ನೋ ಭಯ ಇದ್ದೀತು. 19 ವರ್ಷದ ವ್ಯವಹಾರ ಅಲ್ಲಿಗೆ ಮುರಿದುಬಿತ್ತು.

ಬ್ರೌನಿಂಗ್ ಶಾಟ್‌ಗನ್ ಎತ್ತಿಕೊಂಡು ರೆಮಿಂಗ್ಟನ್ ಕಂಪನಿಗೆ ಹೋದ. ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿ ಭೇಟಿಗೆ ಸಮಯ ಕೊಟ್ಟಿದ್ದ. ಬ್ರೌನಿಂಗ್ ಹೊರಗೆ ಕಾಯ್ತಿರುವಾಗಲೇ ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. 1902ರ ಜನವರಿ 8ರ ಘಟನೆ ಇದು.

ಇನ್ನೊಬ್ಬನಾಗಿದ್ದರೆ ವಾಪಸ್ ಹೋಗಿ ಬೆನೆಟ್ ಹೇಳಿದ್ದಕ್ಕೆ ತಲೆಯಾಡಿಸ್ತಿದ್ದನೇನೋ. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂಗೆ ಹೋದ. ಮಾರ್ಚ್‌ನಲ್ಲಿ ಎಫ್ಎನ್ ಜೊತೆ ರಾಯಲ್ಟಿ ಒಪ್ಪಂದ ಆಯ್ತು. ಅಷ್ಟೇ ಅಲ್ಲ, ಮೊದಲ 10,000 ಶಾಟ್‌ಗನ್‌ಗೆ ತಾನೇ ಆರ್ಡರ್ ಕೊಟ್ಟ. ತನ್ನ ಮಾಲಿನ ಮೇಲೆ ತನ್ನದೇ ದುಡ್ಡು ಹಾಕಿದ ಹಾಗೆ. ಆ ಮಾಲು ಖಾಲಿಯಾಗಲು ಒಂದು ವರ್ಷವೂ ಹಿಡಿಯಲಿಲ್ಲ. ಮುಂದೆ ರೆಮಿಂಗ್ಟನ್ ಕೂಡ ಅದನ್ನೇ ಅಮೆರಿಕದಲ್ಲಿ ತಯಾರಿಸಿತು.

ವಿಂಚೆಸ್ಟರ್‌ಗೆ ಪೆಟ್ಟು ಬಿತ್ತು. ಬ್ರೌನಿಂಗ್ ಪೇಟೆಂಟ್‌ಗಳನ್ನ ತಪ್ಪಿಸಿಕೊಂಡು ತನ್ನದೇ ಆಟೊ ಶಾಟ್‌ಗನ್ ಬಿಡಲು ಅದಕ್ಕೆ 1911ರವರೆಗೆ ಕಾಯಬೇಕಾಯ್ತು. ಅದೂ ನಳಿಗೆ ಹಿಡಿದು ಎಳೆದು ಗುಂಡು ತುಂಬುವ ವಿಚಿತ್ರ ಮಾದರಿ. ಹಿಡಿಯನ್ನ ನೆಲಕ್ಕೂರಿ ನಳಿಗೆ ಒತ್ತಲು ಹೋಗಿ ಅನಾಹುತ ಮಾಡಿಕೊಂಡವರಿದ್ದಾರೆ.

ಯುದ್ಧ, ಹಣ, ಹೆಸರು

ಬ್ರೌನಿಂಗ್ ಬೇಟೆಗಾರರಿಗೆ, ಗುರಿಕಾರರಿಗೆ ಮಾಡಿದ್ದಷ್ಟೇ ಅಲ್ಲ, ಸೈನ್ಯಕ್ಕೂ ಮಾಡಿದ. ಅದರ ಇನ್ನೊಂದು ಮುಖವನ್ನ ಮುಚ್ಚಿಡುವ ಹಾಗಿಲ್ಲ. 1914ರ ಜೂನ್ 28ರಂದು ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜ ದಂಪತಿಯನ್ನ ಕೊಂದು ಮೊದಲ ಮಹಾಯುದ್ಧಕ್ಕೆ ಕಿಡಿ ಹಚ್ಚಿದ್ದು ಎಫ್ಎನ್ ತಯಾರಿಸಿದ ಬ್ರೌನಿಂಗ್ ಪಿಸ್ತೂಲು. ಆ ಯುದ್ಧಕ್ಕೇ ಅಮೆರಿಕದ ಪರವಾಗಿ ಅವನ ಮಷಿನ್‌ಗನ್‌ಗಳು ಹೋದವು. ಸ್ವಂತ ಮಗ ವ್ಯಾಲ್ ಕೂಡ ಅಪ್ಪ ಮಾಡಿದ ಆಟೊಮ್ಯಾಟಿಕ್ ರೈಫಲ್ ಹಿಡಿದು ಫ್ರಾನ್ಸ್‌ನ ರಣರಂಗಕ್ಕೆ ಇಳಿದ.

1917ರ ಮೇ ತಿಂಗಳ ಪರೀಕ್ಷೆಯಲ್ಲಿ ಅವನ ಮಷಿನ್‌ಗನ್ 20,000 ಗುಂಡು ಹಾರಿಸಿತು, ಆಮೇಲೆ ಇನ್ನೂ 20,000. ಎರಡನೇ ಗನ್ 48 ನಿಮಿಷ ಒಂದೇ ಸಮನೆ ಓಡಿತು. ಸರ್ಕಾರ ಹಕ್ಕುಗಳಿಗೆ ಕೊಡ್ತೀನಿ ಅಂದಿದ್ದು 7,50,000 ಡಾಲರ್. ರಾಯಲ್ಟಿ ಲೆಕ್ಕ ಹಿಡಿದಿದ್ದರೆ ಕೋಟಿ ಡಾಲರ್ ದಾಟುತ್ತಿತ್ತು. ಬೆನೆಟ್ ಎದುರು ಪಟ್ಟು ಹಿಡಿದ ಅದೇ ಮನುಷ್ಯ ಇಲ್ಲಿ ಚೌಕಾಸಿಯೇ ಮಾಡದೆ ಸಹಿ ಹಾಕಿದ. ಕಂಪನಿಯ ಲಾಭದಲ್ಲಿ ಪಾಲು ಕೇಳೋದು ಬೇರೆ, ದೇಶ ಯುದ್ಧದಲ್ಲಿರುವಾಗ ಕೇಳೋದು ಬೇರೆ ಅನ್ನೋ ಹಾಗಿತ್ತು ಅವನ ನಡೆ.

ಬೆಂಚಿನ ಪಕ್ಕದಲ್ಲೇ ಕೊನೆ

ವಯಸ್ಸಾದರೂ ಬ್ರೌನಿಂಗ್ ಮತ್ತೆ ಮತ್ತೆ ಬೆಲ್ಜಿಯಂಗೆ ಹೋಗಿ ಬರ್ತಿದ್ದ. ಹೆಗಲಿಗೆ ಹೆಗಲು ಕೊಟ್ಟಿದ್ದ ತಮ್ಮ ಮ್ಯಾಟ್ 1923ರಲ್ಲಿ ತೀರಿಕೊಂಡಿದ್ದ. 1926ರ ನವೆಂಬರ್ 26ರಂದು ಲಿಯೇಜ್ ಪಕ್ಕದ ಎಫ್ಎನ್ ಕಾರ್ಖಾನೆಯಲ್ಲಿ ಕೆಲಸದ ನಡುವೆ ಎದೆನೋವು ಕಾಣಿಸಿತು. ಮಗ ವ್ಯಾಲ್‌ನ ಆಫೀಸಿನಲ್ಲೇ ಪ್ರಾಣ ಹೋಯ್ತು. 71 ವರ್ಷ. ದೇಹವನ್ನ ಆಗ್ಡನ್‌ಗೆ ತಂದು ಮಣ್ಣು ಮಾಡಿದರು.

ಆಗ ಅರ್ಧಕ್ಕೆ ನಿಂತಿದ್ದ 9 ಎಂಎಂ ಪಿಸ್ತೂಲನ್ನ ಎಫ್ಎನ್‌ನ ಡ್ಯೂಡೊನೆ ಸೇವ್ ಪೂರ್ತಿ ಮಾಡಿದ. 1935ರಲ್ಲಿ ಹೊರಬಂದ ಆ ಹೈ-ಪವರ್ ಪಿಸ್ತೂಲಿನ ವಂಶದ್ದೇ ನಮ್ಮ ಇಶಾಪುರದ 9 ಎಂಎಂ.

ಇವತ್ತು ಕೊಳ್ಳುವವರಿಗೆ

ಕೋಲ್ಟ್ ಲೈಟ್ನಿಂಗ್ ನಿಂತು ನೂರು ವರ್ಷದ ಮೇಲಾಯ್ತು. ಆದರೂ ಅಮೆರಿಕದಲ್ಲಿ ಹಳೇ ಕೌಬಾಯ್ ಕಾಲದ ಆಯುಧಗಳಲ್ಲಿ ಗುರಿ ಹೊಡೆಯುವ ಸ್ಪರ್ಧೆಗಳು ಶುರುವಾದ ಮೇಲೆ ಅದಕ್ಕೆ ಮತ್ತೆ ಜೀವ ಬಂತು. ಅಲ್ಲಿ ಎರಡು ರಿವಾಲ್ವರ್, ಒಂದು ಶಾಟ್‌ಗನ್ ಜೊತೆ ರಿವಾಲ್ವರ್ ತೋಟಾದ ರೈಫಲ್ ಬೇಕು. ಹೆಚ್ಚಿನವರು ತರೋದು ಲಿವರ್ ರೈಫಲ್. ಪಂಪ್ ಹಿಡಿದು ಬರುವವರು ಕೆಲವರೇ. ಅವರಿಗಾಗಿ ಇಟಲಿಯ ಉಬೆರ್ಟಿ, ಬ್ರೆಜಿಲ್‌ನ ಟಾರಸ್ ಕಂಪನಿಗಳು ಲೈಟ್ನಿಂಗ್ ನಕಲನ್ನ ಪಾಯಿಂಟ್ 357, ಪಾಯಿಂಟ್ 45 ತೋಟಾಗಳಿಗೆ ಮಾಡಿದವು.

ಅಸಲಿ ಲೈಟ್ನಿಂಗ್ ಕೊಳ್ಳುವವರು ನಳಿಗೆಯ ಒಳಗೆ ತುಕ್ಕು ತಿಂದಿದೆಯಾ, ಪಂಪ್ ಮುಂದೆ ಹೋಗಿ ಸರಿಯಾಗಿ ಲಾಕ್ ಆಗುತ್ತಾ ಅಂತ ಮೊದಲು ನೋಡ್ತಾರೆ. ಅದು ಕಪ್ಪು ಮದ್ದಿನ ಕಾಲದ ರೈಫಲ್, ಈಗಿನ ಜೋರು ಮದ್ದಿನ ತೋಟಾ ಹಾಕುವ ಹಾಗಿಲ್ಲ. ಮುರಿದರೆ ಬಿಡಿಭಾಗ ಹುಡುಕೋದೇ ದೊಡ್ಡ ಕೆಲಸ. ಸಿಕ್ಕರೂ ಕೈಯಲ್ಲಿ ಉಜ್ಜಿ ಕೂರಿಸಬೇಕು. ನಮ್ಮಲ್ಲಂತೂ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಇಂಥದ್ದನ್ನ ಮುಟ್ಟುವ ಹಾಗೇ ಇಲ್ಲ.

ವಿಂಚೆಸ್ಟರ್‌ನ ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತು. ಬ್ರೌನಿಂಗ್ ಹೆಸರಿನ ಕಂಪನಿ ಈಗ ಎಫ್ಎನ್ ಒಡೆತನದಲ್ಲಿ ಯೂಟಾದಲ್ಲೇ ನಡೀತಿದೆ. ಆಗ್ಡನ್‌ನ ಹಳೇ ರೈಲು ನಿಲ್ದಾಣದ ಕಟ್ಟಡದಲ್ಲಿ ಅವನ ಹೆಸರಿನ ಮ್ಯೂಸಿಯಂ ಇದೆ. ಅವನ ಬಂದೂಕುಗಳನ್ನೂ, ಕೈಯಲ್ಲೇ ಮಾಡಿದ ಮಾದರಿಗಳನ್ನೂ ಅಲ್ಲಿಟ್ಟಿದ್ದಾರೆ.